ನಮ್ಮದಲ್ಲದ ಬಾಲ್ಕನಿ

ಮಾರಲೆಂದು ಆ ಹೆಂಗಸು ತಂತಿಯ ಚೌಕಟ್ಟಿಗೆ ಸಿಕ್ಕಿಸಿಕೊಂಡು ಬಂದ ಕಿವಿಯೋಲೆಗಳೆಲ್ಲ ಒಟ್ಟಿಗೆ ಅಲುಗುತ್ತಿವೆ, ಲೋಕಲ್ ಗಾಡಿ ಕೋಪರ್ ಸ್ಟೇಷನ್ ದಾಟುವಾಗ ಎಲ್ಲವೂ ಒಮ್ಮೆ ಕಿಟಕಿಯ ಕಡೆಗೆ ವಾಲಿದವು, ಆ ಮುತ್ತಿನದು ಚೆನ್ನಾಗಿದೆ, ಪ್ಲಾಸ್ಟಿಕ್ಕೇ, ಆದರೆ ಯಾರು ಮುಟ್ಟಿ ನೋಡುತ್ತಾರೆ — ಇಲ್ಲ, ಇವತ್ತು ಅದೆಲ್ಲ ನೋಡಬಾರದು, ಇವತ್ತು ಹೊರಟಿರುವುದು ಐರೋಲಿಗೆ, ಮಗಳು ಪ್ರಣೀತಾಳನ್ನು ನೋಡಿ ಮೆಚ್ಚಿ ಆಮೇಲೆ ಬೇಡವೆಂದವರ ಮನೆಗೆ, ಆ ಹುಡುಗ ಸಮಿತನ ತಾಯಿಯ ಮುಂದೆ, ಅಪ್ಪಿಯಕ್ಕನ ಮುಂದೆ ಕುಳಿತು ಒಂದು ಮಾತು ಹೇಳಿ ಬರುವುದಕ್ಕೆ, ಆ ಮನೆ ನಮ್ಮದಲ್ಲ, ಅಷ್ಟೇ, ಮೂರು ಶಬ್ದ, ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಸಲೀಸಾಗಿ ಬಾಯಿಗೆ ಬರುತ್ತಿತ್ತು, ಈಗ ಮೂರನ್ನೂ ಬೆರಳಲ್ಲಿ ಎಣಿಸಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಮೊದಲು ರೇಷ್ಮೆಯದನ್ನೇ ಉಟ್ಟೆ, ಕೈ ತಾನಾಗಿ ಅದಕ್ಕೇ ಹೋಯಿತು, ಛೆ ಎಂದು ಬಿಚ್ಚಿ ಹತ್ತಿಯದು ಉಟ್ಟೆ, ಅದಕ್ಕೆ ಹಸಿರು ರವಿಕೆ ಹುಡುಕುತ್ತಿದ್ದೆ, ಬಾಗಿಲಲ್ಲಿ ನಿಂತ ಪ್ರಣೀತಾ ನೋಡಿದಳು, ಮಮ್ಮಿ, ಸಚ್ ಬೋಲ್ನೇ ಕೇ ಲಿಯೇ ಭೀ ಮ್ಯಾಚಿಂಗ್ ಚಾಹಿಯೇ ಕ್ಯಾ, ಸತ್ಯ ಹೇಳುವುದಕ್ಕೂ ಮ್ಯಾಚಿಂಗ್ ಬೇಕಾ — ನಗುತ್ತಾ ಹೇಳಿದ್ದರೆ ಸಹಿಸಬಹುದಿತ್ತು, ಅವಳು ನಗಲಿಲ್ಲ, ಅವಳು ನಕ್ಕು ಎಷ್ಟೋ ದಿನವಾಯಿತು.

ದಿವಾ ಬಂತು, ನುಗ್ಗಿದರು, ಥೋಡಾ ಸರಕೋ, ಎಲ್ಲಿಗೆ ಸರಿಯಲಿ, ಇಡೀ ಜೀವಮಾನ ಸರಿಯುತ್ತಲೇ ಬಂದದ್ದಲ್ಲವೇ, ಮದುವೆಯಾಗಿ ಬಂದ ದಿನದಿಂದ ಒಂದೇ ಕೋಣೆ ಒಂದೇ ಅಡುಗೆಮನೆ, ಮಂಚದ ಅಡಿಯಲ್ಲಿ ಅಕ್ಕಿ, ಮಂಚದ ಮೇಲೆ ಮಗಳ ಓದು, ಬಾತ್‌ರೂಮಿನ ಬಾಗಿಲಿಗೆ ಒರಗಿದ ನೀರಿನ ಡ್ರಮ್ಮು, ಇವರು ಥಾಣೆಯ ಹೋಟೆಲಿನ ಗಲ್ಲಾದಿಂದ ಎದ್ದು ಮನೆಗೆ ಬರುವಾಗ ಅಂಗಿಯ ತುಂಬ ಸಾಂಬಾರಿನ ವಾಸನೆ, ನಾನು ಎಷ್ಟು ಒಗೆದರೂ ಕಾಲರಿನಲ್ಲಿ ಉಳಿಯುತ್ತಿತ್ತು. ಭಾನುವಾರ ಮಾತ್ರ ನನ್ನದು. ಘೋಡಬಂದರ್ ರಸ್ತೆಯಲ್ಲಿ ಹೊಸ ಕಟ್ಟಡ ಏಳುವಲ್ಲೆಲ್ಲ ತೋರಿಸುವುದಕ್ಕೆಂದೇ ಅಲಂಕರಿಸಿಟ್ಟ ಒಂದು ಸ್ಯಾಂಪಲ್ ಫ್ಲ್ಯಾಟ್ ಇರುತ್ತದೆ, ಅಲ್ಲಿಗೆ ಹೋಗುತ್ತಿದ್ದೆವು, ಮೂರು ಬೆಡ್‌ರೂಮಿನದೇ ಬೇಕು, ಖಾಡಿಯ ಕಡೆ, ನೀರಿನ ಕಡೆ ಮುಖ ಇರುವುದು, ಎಂದು ಟೈ ಕಟ್ಟಿದ ಹುಡುಗನಿಗೆ ಹೇಳಿದರೆ ಮ್ಯಾಡಮ್ ಮ್ಯಾಡಮ್ ಎಂದು ತಂಪು ಪಾನೀಯ ಕೊಡುತ್ತಿದ್ದ, ನಾನು ಅಡುಗೆಮನೆಯ ಕಪಾಟುಗಳನ್ನು ಎಳೆದು ನೋಡುವುದು, ಅವು ಸದ್ದಿಲ್ಲದೆ ತಾವೇ ಮುಚ್ಚಿಕೊಳ್ಳುವುದು, ಫ್ರಿಜ್ ತೆರೆದರೆ ಒಳಗೆ ದೀಪವಿಲ್ಲ, ಬುಟ್ಟಿಯಲ್ಲಿ ಮೇಣದ ಸೇಬು, ಆದರೂ ಹೊರಗೆ ಬರುವಾಗ ಎದೆ ತುಂಬಿರುತ್ತಿತ್ತು. ಇವರು ಒಳಗೇ ಬರುತ್ತಿರಲಿಲ್ಲ, ನೀನು ನೋಡಿ ಬಾ ಪುಷ್ಪಾ, ನಾನು ಇಲ್ಲೇ ಇರ್ತೇನೆ, ಎಂದು ವಾಚ್‌ಮನ್ ಜೊತೆ ನೆರಳಿನಲ್ಲಿ ನಿಲ್ಲುತ್ತಿದ್ದರು. ಒಮ್ಮೆ ರಿಕ್ಷಾದಲ್ಲಿ ಹಿಂದೆ ಬರುವಾಗ ಕೇಳಿದರು, ಹೀಗೆ ಸುಳ್ಳು ಹೇಳುದು ಬೇಜಾರಾಗುದಿಲ್ವಾ ನಿನಗೆ. ಸುಳ್ಳೆಂತದು ಅದರಲ್ಲಿ, ಬೇಕು ಅಂತ ಹೇಳಿದ್ದು ಸುಳ್ಳಾ, ಬೇಕು ಎಂಬುದು ನಿಜವೇ ಅಲ್ಲವಾ, ಎಂದಿದ್ದೆ, ಅವರು ರಿಕ್ಷಾದವನಿಗೆ ಕೊಡಲು ಚಿಲ್ಲರೆ ಎಣಿಸತೊಡಗಿದರು, ಅವತ್ತೇ ಗದರಿಸಬೇಕಿತ್ತು, ಈ ಮನುಷ್ಯನಿಗೆ ಗದರಿಸುವುದಕ್ಕೆ ಬರುವುದಿಲ್ಲ.

ಮುಂಬ್ರಾದ ಗುಡ್ಡ, ಗಾಳಿ ಬಂತು, ಕೆಳಗೆ ಖಾಡಿಯ ನೀರು ಬೂದಿ ಬಣ್ಣ, ಮೇಲಿನಿಂದ ನೋಡಿದರೆ ಇದೇ ನೀರು ಬೆಳ್ಳಿಯ ಹಾಗೆ, ಇವರ ಹೋಟೆಲಿನ ಧಣಿ ಧರ್ಮಪಾಲಣ್ಣನ ಬಾಲ್ಕನಿಯಿಂದ ಹಾಗೆಯೇ ಕಂಡಿತ್ತು. ಬಾಲ್ಕನಿ ಉಂಟಾ ಎಂದು ಕೇಳಿದವರು ಕಾಂದಿವಲಿಯವರು, ಸಮಿತ್‌ಗಿಂತ ಮೊದಲು ಪ್ರಣೀತಾಳನ್ನು ನೋಡಲು ಬಂದವರು, ನಮ್ಮ ಮಂಚದ ಮೇಲೆ ಸಾಲಾಗಿ ಕುಳಿತು ಗೋಡೆಯನ್ನೆಲ್ಲ ನೋಡಿ, ಅರ್ಧ ಕಾಫಿ ಬಿಟ್ಟು ಎದ್ದರು, ಆ ಲೋಟಗಳನ್ನು ತೊಳೆಯುವಾಗಲೇ ನಿಶ್ಚಯ ಮಾಡಿದ್ದೆ, ಇನ್ನು ಯಾರನ್ನೂ ಈ ಮನೆಗೆ ಕರೆಯುವುದಿಲ್ಲ. ಸಮಿತನ ಫೋಟೊ ಬಂದಾಗ ಹಿಂದೆ ಗಾಜಿನ ದೊಡ್ಡ ಕಟ್ಟಡ, ಕೊರಳಲ್ಲಿ ಕಂಪೆನಿಯ ಕಾರ್ಡು, ದೊಡ್ಡವರೇ ಇರಬೇಕೆಂದು ನಾನೇ ಅಂದುಕೊಂಡೆ, ಯಾರೂ ಹೇಳಿರಲಿಲ್ಲ. ಧರ್ಮಪಾಲಣ್ಣ ಆಗ ಸಂಸಾರ ಸಮೇತ ಊರಿಗೆ ಮದುವೆಗೆ ಹೋಗಿದ್ದರು, ತುಳಸಿಗೆ ನೀರು ಹಾಕಲಿಕ್ಕೆ ಕೀಲಿ ಇವರ ಹತ್ತಿರ, ಸಮಿತನ ಮನೆಯವರನ್ನು ಅಲ್ಲಿಗೇ ಕರೆಯುವಾ ಎಂದೆ. ಬೇಡ ಪುಷ್ಪಾ, ಅವರು ನಂಬಿ ಕೊಟ್ಟದ್ದು. ಒಂದು ಮಧ್ಯಾಹ್ನ ಮಾತ್ರ ಅಲ್ವಾ, ನಾವೆಂತ ಕದ್ದುಕೊಂಡು ಹೋಗ್ತೇವಾ, ಮಗಳ ಬಾಳು ದೊಡ್ಡದಾ ನಿಮ್ಮ ಧಣಿಯ ಸೋಫಾ ದೊಡ್ಡದಾ. ಕೀಲಿಯನ್ನು ನನ್ನ ಕೈಗೆ ಕೊಡಲಿಲ್ಲ, ಮಂಚದ ಮೇಲೆ ಇಟ್ಟು ಮುಖ ತೊಳೆಯಲು ಹೋದರು. ನಾನು ಅವರ ಮನೆಯ ಫೋಟೊಗಳನ್ನೆಲ್ಲ ಇಳಿಸಿ ಕಪಾಟಿನಲ್ಲಿಟ್ಟೆ, ಗೋಡೆಯಲ್ಲಿ ಬಿಳಿ ಚೌಕಗಳು ಉಳಿದವು, ಅವಕ್ಕೆ ಬಂದವರು ಬೆನ್ನು ಮಾಡಿ ಕೂರುವಂತೆ ಕುರ್ಚಿ ತಿರುಗಿಸಿದೆ. ಸ್ಯಾಂಪಲ್ ಫ್ಲ್ಯಾಟಿನಲ್ಲಿ ಕಲಿತ ಮಾತೆಲ್ಲ ಅವತ್ತು ಉಪಯೋಗಕ್ಕೆ ಬಂತು, ಸಂಜೆ ಇಲ್ಲಿ ಗಾಳಿ ಚೆನ್ನಾಗಿರ್ತದೆ, ಇಟಾಲಿಯನ್ ಮಾರ್ಬಲ್ ಆದ್ರೆ ಕಾಲಿಗೆ ತಂಪು, ನನ್ನ ಬಾಯಿಂದಲೇ ಬರುತ್ತಿತ್ತು. ಅಪ್ಪಿಯಕ್ಕ ನೀರು ಕೇಳಿದರು, ಲೋಟ ಎಂದು ನಾನು ತೆರೆದ ಕಪಾಟಿನ ತುಂಬ ಚಪ್ಪಲಿ, ಅವರೇ ನಕ್ಕರು, ದೊಡ್ಡ ಮನೆ ಅಲ್ವಾ, ಎಲ್ಲಿ ಎಂತ ಇಟ್ಟದ್ದು ನೆನಪಿರುದಿಲ್ಲ. ನನ್ನನ್ನು ಉಳಿಸಿದ್ದು ಅವರೇ. ಗುರುವಪ್ಪಣ್ಣ, ಅವರ ಗಂಡ, ಸೋಫಾದ ತುದಿಯಲ್ಲಿ ಕುಳಿತು ಕಾಫಿ ಒಳ್ಳೆದಾಗಿದೆ ಎಂದಷ್ಟೇ ಹೇಳುತ್ತಿದ್ದರು, ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಲಾರಿ ತೂಗುವ ಕಡೆ ಗುಮಾಸ್ತರಂತೆ, ನಾನು ಸುಮ್ಮನಿರಬಾರದಿತ್ತೇ, ನಿಮ್ಮದು ಐರೋಲಿಯಲ್ಲಿ ಎಷ್ಟು ರೂಮಿನದ್ದು ಎಂದು ಕೇಳಿದೆ, ಮಗನ ಎದುರಿಗೇ ಕೇಳಿದೆ. ಸಣ್ಣದು, ನಮಗೆ ಸಾಕು, ಎಂದರು. ಸಮಿತ್ ತಲೆ ತಗ್ಗಿಸಿದ. ನಾನು ನೋಡಿದ್ದೆ, ನೋಡಿಯೂ ಮಾತು ಮುಂದುವರಿಸಿದೆ. ಆಮೇಲೆ ಹುಡುಗ ಹುಡುಗಿ ಇಬ್ಬರೂ ಬಾಲ್ಕನಿಗೆ ಹೋದರು, ತುಂಬ ಹೊತ್ತು ಮಾತಾಡಿದರು, ಪ್ರಣೀತಾ ನಕ್ಕದ್ದು ಒಳಗೆ ಕೇಳುತ್ತಿತ್ತು, ನಾನು ಅವಳಿಗೆ ಹೇಳಿಕೊಟ್ಟಿದ್ದೆ, ಇದು ನನ್ನ ರೂಮು ಎಂದು ಹೇಳು, ಹೇಳಿದಳು, ಸೂರ್ಯ ಯಾವ ಕಡೆ ಹುಟ್ಟುವುದು ಎಂದು ಅವನು ಕೇಳಿದನಂತೆ, ಇವಳಿಗೆ ಗೊತ್ತಿಲ್ಲ, ಯಾವುದೋ ಕಡೆ ಕೈ ತೋರಿಸಿದಳಂತೆ.

ಕಲ್ವಾ, ಇಳಿಯುವವರು ಆಗಲೇ ಎದ್ದರು, ಥಾಣೆಗೆ ಬಾಗಿಲ ಹತ್ತಿರ ಹೋಗಬೇಕು, ಎಲ್ಲರ ಬೆವರೂ ಒಂದೇ. ಫೋನು ಬಂದಾಗ ನಾನು ತೆಂಗಿನಕಾಯಿ ತುರಿಯುತ್ತಿದ್ದೆ, ಅಪ್ಪಿಯಕ್ಕನ ಸ್ವರ ಹಿತವಾಗಿತ್ತು, ಹುಡುಗಿ ಚಿನ್ನದಂಥವಳು ಪುಷ್ಪಕ್ಕ, ನನ್ನ ಮಗನಿಗೂ ಇಷ್ಟ, ಆದ್ರೆ ನಮಗೆ ನಿಮ್ಮಷ್ಟು ತಾಕತ್ತಿಲ್ಲ, ಅಂಥಾ ಮನೆಯಲ್ಲಿ ಬೆಳೆದವಳನ್ನು ನಾವು ಎಲ್ಲಿ ಮಲಗಿಸುದು, ತಪ್ಪು ತಿಳ್ಕೊಳ್ಬೇಡಿ. ಆಗಲೇ ಹೇಳಬಹುದಿತ್ತು, ತುರಿಮಣೆಯಿಂದ ಏಳದೆ ಹೇಳಬಹುದಿತ್ತು, ಅಕ್ಕಾ ನಾವೂ ನಿಮ್ಮ ಹಾಗೆಯೇ ಎಂದು. ಹೇಳಲಿಲ್ಲ, ಯಾಕೆಂದರೆ — ಇದನ್ನು ಯಾರಿಗೂ ಹೇಳಲಾರೆ — ಒಂದು ಕ್ಷಣ ಖುಷಿಯಾಯಿತು, ನಮ್ಮನ್ನು ದೊಡ್ಡವರೆಂದು ಒಬ್ಬರು ಹೆದರಿದರಲ್ಲ, ಆ ಒಂದು ಕ್ಷಣ ನನ್ನ ಬೆನ್ನು ನೆಟ್ಟಗಾಯಿತು, ಪರ್ವಾಗಿಲ್ಲ ಬಿಡಿ ಎಂದು ಅದೇ ಮಾರ್ಬಲ್ಲಿನ ಸ್ವರದಲ್ಲಿ ಹೇಳಿ ಇಟ್ಟೆ. ಪ್ರಣೀತಾ ನಲ್ಲಿ ಬಿಟ್ಟುಕೊಂಡು ಬಾತ್‌ರೂಮಿನಲ್ಲಿ ಅತ್ತಳು, ಒಂದು ಕೋಣೆಯ ಮನೆಯಲ್ಲಿ ಅಳಲಿಕ್ಕೆ ಬೇರೆ ಜಾಗ ಎಲ್ಲಿದೆ. ಅವನಿಗೆ ನೀನೇ ಫೋನ್ ಮಾಡು ಎಂದರೆ, ಕ್ಯಾ ಬೋಲೂಂ, ಎಂತ ಹೇಳಲಿ, ನನ್ನ ರೂಮು ನನ್ನದಲ್ಲ ಅಂತ ಬೋಲೂಂ? ಧರ್ಮಪಾಲಣ್ಣ ಊರಿಂದ ಬಂದ ಮೇಲೆ ಅವರ ವಾಚ್‌ಮನ್ ಹೇಳಿರಬೇಕು, ಅವರು ಬೈಯಲಿಲ್ಲ, ಗಲ್ಲಾದಲ್ಲಿ ಕೂತ ಇವರ ಹತ್ತಿರ ಬಂದು, ಜಯಶೀಲಾ, ಆ ಕೀಲಿ ಕೊಡು, ಇನ್ನು ನಾನೇ ಇಟ್ಕೊಳ್ತೇನೆ, ಎಂದರಂತೆ, ಗಿರಾಕಿಗಳ ಎದುರು, ಮೆಲ್ಲಗೆ. ಅವತ್ತು ಇವರು ಊಟಕ್ಕೆ ಕೂತು ಅಷ್ಟನ್ನೇ ಹೇಳಿದರು, ಆಮೇಲೆ ಮಜ್ಜಿಗೆ ಹಾಕು ಎಂದರು. ಬೈದಿದ್ದರೆ ನಾನೂ ಬೈಯುತ್ತಿದ್ದೆ.

ಥಾಣೆಯ ಜನದಲ್ಲಿ ತೇಲಿಕೊಂಡು ಹೋಗಿ ವಾಶಿಯ ಗಾಡಿ ಹಿಡಿದೆ, ಕೂತೆನೋ ಇಲ್ಲವೋ ಐರೋಲಿ ಬಂದುಬಿಟ್ಟಿತು, ಇಷ್ಟು ಬೇಗ ಬರಬಾರದಿತ್ತು, ಗಾಜಿನ ಕಟ್ಟಡಗಳ ಬಿಸಿಲು ಕಣ್ಣಿಗೆ, ರಿಕ್ಷಾ ಬೇಡ, ನಡೆದರೆ ಧೈರ್ಯ ಬಂದೀತು, ಸರ್ಕಾರದ ಸಿಡ್ಕೊ ಕಟ್ಟಿದ ಹಳೆಯ ಮನೆಗಳ ಸಾಲು, ಗ್ರಿಲ್ಲಿಗೆ ಒಣಗಲು ಹಾಕಿದ ಚಾಪೆ, ಇದೇ ಬಾಗಿಲು. ಅಯ್ಯೋ ಪುಷ್ಪಕ್ಕಾ, ಒಂದು ಫೋನ್ ಮಾಡುದಲ್ವಾ — ಅಪ್ಪಿಯಕ್ಕ ಗಾಬರಿಯಾಗಿ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು, ಇದರಲ್ಲೇ ಕೂತ್ಕೊಳ್ಬೇಕು ನೀವು, ಬೇರೆ ಒಳ್ಳೇದಿಲ್ಲ. ಮಂಚದ ಅಡಿಯಲ್ಲಿ ಅಕ್ಕಿಯ ಡಬ್ಬಿ. ಬಾತ್‌ರೂಮಿನ ಬಾಗಿಲಿಗೆ ಡ್ರಮ್ಮು. ನನ್ನದೇ ಮನೆ, ದೇವರೇ, ನನ್ನದೇ ಮನೆಯನ್ನು ಯಾರೋ ಇಲ್ಲಿ ತಂದು ಇಟ್ಟ ಹಾಗಿದೆ. ಕೂರುವ ಮೊದಲೇ ಹೇಳಿಬಿಟ್ಟೆ, ಆ ಮನೆ ನಮ್ಮದಲ್ಲ ಅಕ್ಕಾ, ಇವರ ಧಣಿಯದ್ದು, ಒಂದು ಮಧ್ಯಾಹ್ನಕ್ಕೆ ಕೀಲಿ ತಂದದ್ದು, ನಮ್ಮದು ಡೊಂಬಿವಲಿಯಲ್ಲಿ ಇದೇ ತರಹದ್ದು, ನನ್ನ ಹುಚ್ಚು ಅದೆಲ್ಲ, ಮಗಳದ್ದು ತಪ್ಪಿಲ್ಲ, ಅವರಿಬ್ಬರಿಗೆ ಇಷ್ಟ ಇದ್ದರೆ ಈಗಲಾದರೂ —

ಅಪ್ಪಿಯಕ್ಕನ ಕೈ ಸೆರಗಿನಲ್ಲೇ ನಿಂತಿತು. ಬೈಯುತ್ತಾರೆ ಎಂದುಕೊಂಡೆ, ನಕ್ಕು ಅಪ್ಪಿಕೊಳ್ಳುತ್ತಾರೆ ಎಂದೂ, ಅಯ್ಯೋ ಆಸೆಯೇ, ಆ ಕ್ಷಣದಲ್ಲೂ ಅಂದುಕೊಂಡೆ. ಅವರು ಮೆಲ್ಲಗೆ ಹೇಳಿದರು, ಅವತ್ತು ನಿಮ್ಮಲ್ಲಿಂದ ಬಂದವನು ಸಮಿತ್ ಚಪ್ಪಲಿ ಬಿಚ್ಚಲಿಲ್ಲ, ಇಲ್ಲೇ ನಿಂತು ಅಪ್ಪನಿಗೆ ಹೇಳಿದ, ಸಾಕು ಸಾಕು ಅಂತಲೇ ನಮ್ಮನ್ನು ಈ ಗೂಡಲ್ಲಿ ಕೂರಿಸಿದ್ರಿ, ಜೀವಮಾನ ಇಡೀ ನೀವು ಮಾಡಿದ್ದಾದ್ರೂ ಎಂತದು — ಹುಟ್ಟಿದಾಗಿನಿಂದ ಅಪ್ಪನಿಗೆ ಎದುರು ಮಾತಾಡದ ಹುಡುಗ, ಪುಷ್ಪಕ್ಕ. ಈಗ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುದಿಲ್ಲ. ಮನೆ ನಿಮ್ಮದಲ್ಲ, ಸರಿ. ಇವನ ಆ ಮಾತು, ಅದನ್ನು ಯಾರು ವಾಪಸು ತಗೊಳ್ಳುದು? ಸಂಬಂಧದ ಮಾತು ಇನ್ನು ಬೇಡ, ನಿಮ್ಮ ಮೇಲೆ ಸಿಟ್ಟಿಲ್ಲ, ಹುಡುಗಿಗೆ ಒಳ್ಳೇದಾಗಲಿ, ಕಾಫಿ ಮಾಡ್ತೇನೆ, ಕುಡಿದು ಹೋಗಿ, ಎಂದು ಒಳಗೆ ಹೋದರು, ಸ್ಟವ್ ಹೊತ್ತಿಸುವ ಸದ್ದು, ಏಳಬೇಕು, ಎದ್ದು ಹೋಗಿಬಿಡಬೇಕು, ಆಗಲೇ ಬಾಗಿಲಲ್ಲಿ ನೆರಳು, ಗುರುವಪ್ಪಣ್ಣ, ಕಳಂಬೋಲಿಯ ಪಾಳಿ ಮುಗಿಸಿ ಬಂದವರು, ಕಾಲರಿನ ತುಂಬ ಕಬ್ಬಿಣದ ಕಂದು ಧೂಳು, ಕೈಯಲ್ಲಿ ಡಬ್ಬಿಯ ಚೀಲ. ನನ್ನನ್ನು ನೋಡಿ ಹೊಸಿಲಿನ ಆಚೆಗೇ ನಿಂತರು. ಅಪ್ಪಿಯಕ್ಕ ಒಳಗಿಂದಲೇ ಕೂಗಿದರು, ಕೇಳಿದ್ರಾ, ಆ ಮನೆ ಅವರದ್ದಲ್ಲವಂತೆ. ಹೌದಾ, ಎಂದರು, ಕೇಳಿದರೋ ಇಲ್ಲವೋ, ಮುಗುಳ್ನಕ್ಕರು, ಚೀಲವನ್ನು ಎದೆಗೆ ಹತ್ತಿರ ಹಿಡಿದರು, ತೊಳೆದ ನೆಲವನ್ನೂ ತಮ್ಮ ಪಾದವನ್ನೂ ನೋಡಿಕೊಂಡರು. ಕೂತ್ಕೊಳ್ಳಿ ಅಣ್ಣಾ, ಎಂದೆ, ನಾನು, ಅವರ ಮನೆಯಲ್ಲಿ, ಅವರಿಗೆ. ಇರ್ಲಿ ಅಮ್ಮಾ, ನೀವು ಕೂತ್ಕೊಳ್ಳಿ, ನನಗೆ ಇಲ್ಲಿ ಅಡ್ಡಿಲ್ಲ, ಎಂದರು. ಮಂಚ ಖಾಲಿ ಇದೆ, ಇನ್ನೊಂದು ಕುರ್ಚಿ ಖಾಲಿ ಇದೆ, ಕಾಫಿ ಬಂತು, ಲೋಟ ಕೈ ಸುಡುತ್ತಿದೆ, ಅವರು ತಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಾರೆ, ಯಾರೋ ಒಳಗೆ ಬಾ ಎನ್ನಲಿ ಎಂಬ ಹಾಗೆ ನಿಂತಿದ್ದಾರೆ, ನಿಂತೇ ಇದ್ದಾರೆ