ಮುಖಪುಟದ ಹೆಂಗಸಿಗೆ ಕುಂಕುಮ

ಆ ವರ್ಷದ ನವರಾತ್ರಿಯ ಮೂಲಾ ನಕ್ಷತ್ರದಂದು ನಾನು ಟೊರೆನ್ಸಿನಲ್ಲಿರುವ ಮಗಳ ಮನೆಯಲ್ಲಿ ಶಾರದಾಪೂಜೆಗೆ ಪುಸ್ತಕಗಳನ್ನು ಇಟ್ಟೆ. ಹಿಂದಿನ ವರ್ಷ ಇಟ್ಟಿರಲಿಲ್ಲ. ನನ್ನ ಹೆಂಡತಿ ಜಲಜಾಕ್ಷಿ ತೀರಿಕೊಂಡು ವರ್ಷ ತುಂಬಿರಲಿಲ್ಲವಾದ್ದರಿಂದ ಮನೆಯಲ್ಲಿ ಹಬ್ಬ ಮಾಡುವಂತಿರಲಿಲ್ಲ. ಅದಕ್ಕೆ ಮೊದಲು ಈ ಪೂಜೆ ಮಾಡುತ್ತಿದ್ದವಳು ಅವಳೇ. ನಾನು ಗಂಧ ತೇಯ್ದು ಕೊಡುವವನು ಮಾತ್ರ.

ಅವಳ ಕ್ರಮ ನನಗೆ ತಿಳಿದಿತ್ತು. ಮನೆಯವರಲ್ಲಿ ಯಾರು ಯಾವ ವಿದ್ಯೆಯಿಂದ ಉಣ್ಣುತ್ತಾರೋ ಆ ವಿದ್ಯೆಯ ಪುಸ್ತಕವೊಂದು ಪೀಠದ ಮೇಲೆ ಇರಬೇಕು. ಇಟ್ಟ ಮೇಲೆ ವಿಜಯದಶಮಿಯ ತನಕ ಅದನ್ನು ಕದಲಿಸಬಾರದು, ಓದಬಾರದು. ದಶಮಿಯ ದಿನ ಇಳಿಸಿ, ಅದೇ ಪುಸ್ತಕವನ್ನು ತೆರೆದು ನಾಲ್ಕು ಸಾಲು ಓದಬೇಕು. ಓದದಿದ್ದರೆ ಪೂಜೆ ಮುಗಿದಂತಲ್ಲ.

ನನ್ನ ಭಾಗವತವನ್ನು ಇಟ್ಟೆ. ಅಳಿಯ ಪ್ರತೀಕ್ ಬೆಂಗಳೂರಿನವನು, ವಿಮಾನದ ಭಾಗಗಳನ್ನು ಮಾಡುವ ಕಂಪೆನಿಯಲ್ಲಿ ಇಂಜಿನಿಯರು. ಅವನು ಯಾವುದೋ ಮ್ಯಾನ್ಯುಯಲ್ ತಂದುಕೊಟ್ಟ. ಉಳಿದದ್ದು ಮಗಳು ನಿಶ್ಮಿತಾಳದು. ಅವಳು ಗ್ಲೆಂಡೇಲಿನ ಪ್ರಕಾಶಕರೊಬ್ಬರಿಗಾಗಿ ವಿಜ್ಞಾನ ಕಥೆಗಳ ಇತಿಹಾಸದ ದೊಡ್ಡ ಸಚಿತ್ರ ಗ್ರಂಥವೊಂದಕ್ಕೆ ಚಿತ್ರಗಳನ್ನು ಕೂಡಿಸುತ್ತಿದ್ದಳು. ಚಂದ್ರನಿಗೆ ಹೋಗುವ ಕನಸನ್ನು ಮನುಷ್ಯ ಯಾವಾಗಿನಿಂದ ಕಂಡ, ಅದನ್ನು ಯಾರು ಬರೆದರು, ಯಾರು ಚಿತ್ರಿಸಿದರು ಎಂಬುದೆಲ್ಲ ಅದರಲ್ಲಿ ಬರುತ್ತದಂತೆ. ಆ ಬೆಳಿಗ್ಗೆ ಅವಳು ಫೋನಿನಲ್ಲಿದ್ದಳು. ನಾನು ಬಾಗಿಲಲ್ಲಿ ನಿಂತಾಗ ಫೋನಿಗೆ ಕೈ ಅಡ್ಡ ಹಿಡಿದು, “ನನ್ನ ಮೇಜಿನ ಮೇಲಿಂದ ಎಂತದಾದ್ರೂ ತಕೊಳ್ಳಿ ಅಪ್ಪಾ,” ಎಂದಳು.

ಮೇಜಿನ ಮೇಲೆ ಎರಡು ರಟ್ಟುಗಳ ನಡುವೆ ಒಂದು ಹಳೆಯ ಮಾಸಪತ್ರಿಕೆ ಇತ್ತು. ಪ್ಲಾಸ್ಟಿಕ್ಕಿನ ಚೀಲದೊಳಗೆ ಜೋಪಾನವಾಗಿತ್ತು. ಅಷ್ಟು ಜೋಪಾನ ಮಾಡಿದ್ದಾಳೆಂದರೆ ಇದೇ ಮುಖ್ಯವಾದದ್ದು ಎಂದುಕೊಂಡೆ. ಮುಖಪುಟದಲ್ಲಿ ಒಬ್ಬ ಹೆಂಗಸು. ತಲೆಯ ಸುತ್ತ ಗಾಜಿನ ಗುಂಡು, ಹಿಂದೆ ಎರಡು ಚಂದ್ರರು, ಕೈಯಲ್ಲಿ ಒಂದು ದೀಪ. ಪ್ಲಾಸ್ಟಿಕ್ಕಿನ ಮೇಲೆ ಪೂಜೆ ಮಾಡಿದರೆ ಅದು ಯಾರಿಗೆ ಸಲ್ಲುತ್ತದೆ? ಚೀಲದಿಂದ ಹೊರಗೆ ತೆಗೆದು ಪೀಠದ ಮೇಲಿಟ್ಟೆ. ಭಾಗವತದ ಮೂಲೆಗೆ ಗಂಧ ಹಚ್ಚಿದೆ, ಮ್ಯಾನ್ಯುಯಲ್ಲಿನ ಮೂಲೆಗೆ ಹಚ್ಚಿದೆ. ಈ ಪತ್ರಿಕೆಗೆ ಬಂದಾಗ ಬೆರಳು ಮೂಲೆಗೆ ಹೋಗಲಿಲ್ಲ. ನೇರವಾಗಿ ಆ ಹೆಂಗಸಿನ ಹಣೆಗೆ ಹೋಯಿತು. ಮೊದಲು ಗಂಧ, ಅದರ ಮೇಲೆ ಕುಂಕುಮ. ಆಮೇಲೆ ದಾಸವಾಳ ಇಟ್ಟು ಮಂಗಳಾರತಿ ಮಾಡಿದೆ. ಬಹಳ ದಿನಗಳ ಮೇಲೆ ಮನಸ್ಸು ತಿಳಿಯಾಯಿತು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ನಿಶ್ಮಿತಾ ಪೀಠದ ಕಡೆ ನೋಡಿದಳು.

“ಅಪ್ಪಾ, ಹೂವಿನ ಅಡಿಯಲ್ಲಿ ಇರುವುದು ಎಂತ?”

“ನಿನ್ನ ಪುಸ್ತಕ. ನೀನೇ ಹೇಳಿದಿಯಲ್ಲ.”

“ಚೀಲ ಎಲ್ಲಿ?”

“ತೆಗೆದೆ.”

ಅವಳು ಕೈ ತೊಳೆಯದೆ ಎದ್ದಳು, ಮತ್ತೆ ಕುಳಿತಳು. “ಅದು ನಂದಲ್ಲ ಅಪ್ಪಾ. ಸ್ಯಾನ್ ಡಿಯೇಗೊದ ಅಮಡೋರ್ ಅವರದ್ದು. ಗ್ಲೌಸ್ ಇಲ್ಲದೆ ಮುಟ್ಟಬೇಡಿ ಅಂತ ಹೇಳಿ ಕೊಟ್ಟದ್ದು. ಫೋಟೋ ತೆಗೆದಾಗಿದೆ, ನಾಳೆ ವಾಪಸು ಕೊಡಬೇಕು.”

“ದಶಮಿಗೆ ಮೊದಲು ತೆಗೆಯುವ ಹಾಗಿಲ್ಲ ಮಗಾ.”

ಪ್ರತೀಕ್ ಅನ್ನ ಕಲಸುತ್ತಾ, “ಬಿಡು ನಿಶೂ. ಮಾವ ಸರಸ್ವತಿಗೆ ಸೈನ್ಸ್ ಫಿಕ್ಷನ್ ಕೊಟ್ಟಿದಾರೆ, ಓದಿ ಮುಗಿಸ್ಲಿ,” ಎಂದ.

ಅವಳು ನಗಲಿಲ್ಲ. ಅಮಡೋರ್ ಎಂಬವರು ಹಿಂದೆ ನೌಕಾಪಡೆಯಲ್ಲಿದ್ದ ಮುದುಕರು. ಅವರ ಸಂಗ್ರಹದಲ್ಲಿರುವ ಚಿತ್ರಗಳ ಮೇಲೆಯೇ ಆ ಗ್ರಂಥದ ಒಂದು ಇಡೀ ಅಧ್ಯಾಯ ನಿಂತಿತ್ತು. ಈ ಒಂದು ಪತ್ರಿಕೆಯನ್ನು ಮೊದಲು ಕೊಟ್ಟು ನೋಡುತ್ತೇನೆ, ಹೇಗೆ ಹೋಯಿತೋ ಹಾಗೆಯೇ ಬಂದರೆ ಉಳಿದದ್ದಕ್ಕೂ ಒಪ್ಪಿಗೆಯ ಸಹಿ ಹಾಕುತ್ತೇನೆ ಎಂದಿದ್ದರಂತೆ. ಗ್ರಂಥ ಅಚ್ಚಿಗೆ ಹೋಗುವ ಕಾಲ ಹತ್ತಿರವಾಗಿತ್ತು. ಅವಳ ಹೆಸರು ಒಳಪುಟದಲ್ಲಿ ಬರುವ ಮೊದಲನೆಯ ಪುಸ್ತಕ ಅದು.

ಇದನ್ನೆಲ್ಲ ಕೇಳುವಾಗ ನನಗೆ ಹೂವಿನ ಅಡಿಯಲ್ಲಿರುವ ಕುಂಕುಮ ನೆನಪಾಯಿತು. ಎದ್ದು ಕೈ ತೊಳೆದು, ದೇವಿಯ ಕ್ಷಮೆ ಕೇಳಿ, ದಾಸವಾಳವನ್ನು ತೆಗೆದೆ. ನಿಶ್ಮಿತಾ ನನ್ನ ಹಿಂದೆಯೇ ನಿಂತಿದ್ದಳು.

ಗಂಧ ಒಣಗಿತ್ತು. ಕುಂಕುಮದ ಕೆಂಪು ಹಳೆಯ ಕಾಗದದೊಳಗೆ ಇಂಗಿ, ಅಂಚಿನಲ್ಲಿ ಹಳದಿಯಾಗಿ ಹರಡಿತ್ತು.

“ಎಂತ ಮಾಡಿದ್ರಿ ಅಪ್ಪಾ ನೀವು,” ಎಂದಳು. ಗದರಿದ್ದರೆ ಚೆನ್ನಾಗಿತ್ತು. ಅವಳ ಧ್ವನಿ ಬಹಳ ಸಣ್ಣದಾಗಿತ್ತು.

ಹಳೆಯ ಕಾಗದಗಳನ್ನು ಸರಿಪಡಿಸುವ ಪಸಡೀನಾದ ಒಬ್ಬರಿಗೆ ಫೋನ್ ಮಾಡಿದಳು. ಒರೆಸಬೇಡಿ, ನೀರು ಸೋಕಿಸಬೇಡಿ, ಬಣ್ಣ ಮುಖಕ್ಕೆಲ್ಲ ಇಳಿಯುತ್ತದೆ ಎಂದರು. ತೆಗೆಯಲು ಬರುತ್ತದೆಯೇ ಎಂದಾಗ ಅವರು ಭರವಸೆ ಕೊಡಲಿಲ್ಲ.

ದಾರಿ ಹೇಳಿದವನು ಪ್ರತೀಕ್. “ಚೀಲಕ್ಕೆ ಹಾಕಿ ರಟ್ಟು ಮುಚ್ಚಿ ಕೊಟ್ಬಿಡು. ಅಲ್ಲೇ ತೆಗೆದು ನೋಡ್ತಾರಾ ಏನು? ಮೊದ್ಲು ಸೈನ್ ಆಗ್ಲಿ. ಮನೆಗೆ ಬಂದು ಮೇಲ್ ಮಾಡು, ಹೀಗೀಗಾಗಿದೆ ಅಂತ. ಸುಳ್ಳು ಹೇಳು ಅಂತಿಲ್ಲ ನಾನು, ಸ್ವಲ್ಪ ಲೇಟಾಗಿ ಹೇಳು ಅಂತಿದೀನಿ.”

ನಿಶ್ಮಿತಾ ಖಾಲಿ ಚೀಲವನ್ನು ಕೈಗೆ ತೆಗೆದುಕೊಂಡು, “ಹಾಗೆಯೇ ಮಾಡುವ,” ಎಂದಳು. ನಾನೂ ಬರುತ್ತೇನೆಂದೆ. ಬೇಡವೆಂದಳು. ಪೀಠದಿಂದ ಇಳಿಸಿದ್ದನ್ನು ದಶಮಿಗೆ ಮೊದಲು ಒಬ್ಬಂಟಿಯಾಗಿ ಕಳಿಸಲು ಮನಸ್ಸು ಬಾರದೆಂದೆ.

“ಬನ್ನಿ. ಆದ್ರೆ ಅಲ್ಲಿ ನೀವು ಬಾಯಿ ಬಿಡಬಾರ್ದು. ನನ್ನಾಣೆ.”

“ಬಿಡುವುದಿಲ್ಲ,” ಎಂದೆ.

ಮರುದಿನ ಬೆಳಿಗ್ಗೆ ಪತ್ರಿಕೆ ಇದ್ದ ಜಾಗದಲ್ಲಿ ನಾಲ್ಕು ಕಾಳು ಅಕ್ಷತೆ ಇಟ್ಟು ಹೊರಟೆವು. ಮಡಿಯ ವಸ್ತ್ರವನ್ನು ತೊಡೆಯ ಮೇಲೆ ಹಾಸಿ ಅದರ ಮೇಲೆ ಪತ್ರಿಕೆಯನ್ನು ಇಟ್ಟುಕೊಂಡೆ. ಪೂಜೆಗೆ ಕುಳಿತದ್ದನ್ನು ಹೊತ್ತುಕೊಂಡಾಗ ಕಾಲಿಗೆ ಏನೂ ಹಾಕಬಾರದೆಂದು ಚಪ್ಪಲಿಯನ್ನು ಮನೆಯಲ್ಲೇ ಬಿಟ್ಟಿದ್ದೆ. ನಿಶ್ಮಿತಾ ಅದನ್ನು ನೋಡಿ ಕಾರು ಹೊರಡಿಸಿದಳು. ಫೋರ್ ಓ ಫೈವ್ ರಸ್ತೆಯಲ್ಲಿ ಕಾರುಗಳು ನಿಂತು ನಿಂತು ಹೋಗುತ್ತಿದ್ದವು. ಪ್ರತಿ ಬಾರಿ ಬ್ರೇಕ್ ಹಾಕಿದಾಗ ನಾನು ಎರಡೂ ಕೈಯಿಂದ ರಟ್ಟನ್ನು ಹಿಡಿಯುತ್ತಿದ್ದೆ. ಸಮುದ್ರ ಬಲಗಡೆಗೆ ಕಾಣಿಸಿಕೊಂಡ ಮೇಲೆ ಒಮ್ಮೆ ರಟ್ಟನ್ನು ಸ್ವಲ್ಪ ಎತ್ತಿ ನೋಡಿದೆ. ಗಾಜಿನ ಒಳಗಿನಿಂದ ಆ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

ಜಲಜಾಕ್ಷಿ ಹೋದದ್ದು ಕೊರೋನಾದ ಎರಡನೆಯ ಚಳಿಗಾಲದಲ್ಲಿ. ಆಸ್ಪತ್ರೆಯಲ್ಲಿ ಯಾರನ್ನೂ ಹತ್ತಿರಕ್ಕೆ ಬಿಡುವಂತಿರಲಿಲ್ಲ. ಗಾಜಿನ ಈಚೆಯಿಂದ ನೋಡಿದೆ. ಮುತ್ತೈದೆಯಾಗಿ ಹೋದವಳ ಹಣೆಗೆ ಗಂಡ ಇಡಬೇಕಾದ ಕುಂಕುಮ ನನ್ನ ಅಂಗಿಯ ಜೇಬಿನಲ್ಲಿಯೇ ಉಳಿಯಿತು.

ರಟ್ಟನ್ನು ಮುಚ್ಚಿದೆ.

ಅಮಡೋರ್ ಅವರ ಮನೆ ಸ್ಯಾನ್ ಡಿಯೇಗೊ ದಾಟಿ ದಕ್ಷಿಣಕ್ಕೆ, ಚೂಲಾ ವಿಸ್ತಾದಲ್ಲಿ. ಅಂಗಳದಲ್ಲಿ ಒಂದು ನಿಂಬೆಯ ಗಿಡ. ಎಂಬತ್ತು ದಾಟಿದವರು, ಬೆನ್ನು ನೆಟ್ಟಗೆ, ಮೂಗಿನ ಮೇಲೆ ಮಾಸ್ಕು. ಅಡಿಗೆಮನೆಯ ಮೇಜಿನ ಬಳಿ ನಮ್ಮನ್ನು ಕೂರಿಸಿದರು. ನಾನು ರಟ್ಟನ್ನು ಎರಡೂ ಕೈಯಿಂದ ಅವರಿಗೆ ಒಪ್ಪಿಸಿದೆ. ಅವರು ಅದನ್ನು ತೆರೆಯದೆ ಪಕ್ಕಕ್ಕಿಟ್ಟು, ನೀರು ಕೊಟ್ಟು, ದಾರಿಯಲ್ಲಿ ಟ್ರಾಫಿಕ್ಕು ಹೇಗಿತ್ತೆಂದು ಕೇಳಿದರು. ನಿಶ್ಮಿತಾ ಒಪ್ಪಿಗೆಯ ಕಾಗದವನ್ನು ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಆಗ ಅವರು ಮೇಜಿನ ಕೆಳಗೆ ನೋಡಿದರು.

“ನಿಮ್ಮ ತಂದೆಯ ಶೂ ಎಲ್ಲಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಕಾಲು ಊದಿಕೊಂಡಿದೆ,” ಎಂದಳು ನಿಶ್ಮಿತಾ.

ಅವರು ನನ್ನ ಮುಖ ನೋಡಿದರು. ತಲೆ ಆಡಿಸಿದ್ದರೆ ಸಾಕಿತ್ತು. ಎದುರಿಗೆ ರಟ್ಟಿನೊಳಗೆ ಮೂರ್ತಿಯಂತೆ ಅದು ಕುಳಿತಿತ್ತು. ಅದರ ಮುಂದೆ ಕುಳಿತು ಮಗಳ ಆಣೆಯನ್ನು ಹೇಗೆ ಕಾಯಲಿ ಎಂದು ಯೋಚಿಸಿದೆ. ಆಗಲಿಲ್ಲ.

“ಕಾಲು ಊದಿಲ್ಲ ಸರ್,” ಎಂದೆ, ನನಗೆ ಬರುವ ಇಂಗ್ಲಿಷಿನಲ್ಲಿ. “ಈ ಪುಸ್ತಕ ಪೂಜೆಯಲ್ಲಿದೆ. ನಾನೇ ಇಟ್ಟೆ. ಅದರ ಮೇಲೆ ಒಂದು ಗುರುತು ಮಾಡಿದ್ದೇನೆ. ನಿಮ್ಮದು ಎಂದು ಗೊತ್ತಿರಲಿಲ್ಲ. ಅದು ಹೋಗುವ ಭರವಸೆ ಇಲ್ಲವಂತೆ.”

ನಿಶ್ಮಿತಾ ಕಣ್ಣು ಮುಚ್ಚಿಕೊಂಡಳು.

ಅವರು ಪೆನ್ನಿನ ಮುಚ್ಚಳ ಹಾಕಿದರು. ಡ್ರಾಯರಿನಿಂದ ಬಿಳಿಯ ಗ್ಲೌಸು ತೆಗೆದು ಹಾಕಿಕೊಂಡರು. ರಟ್ಟು ಸರಿಸಿ, ಭೂತಗನ್ನಡಿ ಹಿಡಿದು ನೋಡಿದರು. ಅಂಗಳದಲ್ಲಿ ಯಾರೋ ನೀರು ಬಿಟ್ಟಿದ್ದರು, ಆ ಸದ್ದು ಮಾತ್ರ ಇತ್ತು.

“ಹಡಗಿನಲ್ಲಿದ್ದಾಗಲೂ ಇದಕ್ಕೆ ಒಂದು ಕಲೆ ಬೀಳದ ಹಾಗೆ ನೋಡಿಕೊಂಡೆ,” ಎಂದರು. ಭೂತಗನ್ನಡಿಯನ್ನು ಕೆಳಗಿಟ್ಟು, “ಮೂಲೆಯಲ್ಲಿ ಅಷ್ಟು ಜಾಗ ಇತ್ತಲ್ಲ. ಮುಖವೇ ಯಾಕೆ?”

ಆಸ್ಪತ್ರೆಯ ಗಾಜಿನ ಸಂಗತಿಯನ್ನು ಹೇಳಲು ನನ್ನಿಂದಾಗಲಿಲ್ಲ. “ಮನೆಗೆ ಬಂದ ಹೆಂಗಸನ್ನು ನಾವು ಕುಂಕುಮ ಕೊಡದೆ ಕಳಿಸುವುದಿಲ್ಲ,” ಎಂದೆ. “ನನ್ನ ಹೆಂಡತಿ ಇದ್ದಿದ್ದರೆ ಅವಳು ಕೊಡುತ್ತಿದ್ದಳು. ಅವಳಾಗಿದ್ದರೆ ಕೇಳಿ ಕೊಡುತ್ತಿದ್ದಳು.”

ಅವರು ಕಾಗದವನ್ನು ಮಡಚಿ ನಿಶ್ಮಿತಾಳ ಕಡೆ ಸರಿಸಿದರು. ಸಹಿ ಇರಲಿಲ್ಲ. “ಈಗ ಹೋಗಿ. ನಾನೇ ಫೋನ್ ಮಾಡುತ್ತೇನೆ.”

ಹಿಂದಿರುಗುವಾಗ ಸಮುದ್ರ ಎಡಗಡೆಗಿತ್ತು. ಬಹಳ ದೂರ ಬಂದ ಮೇಲೆ ನಿಶ್ಮಿತಾ, “ಆಣೆ ಹಾಕಿಸಿದ್ದೆ ಅಪ್ಪಾ ನಾನು,” ಎಂದಳು.

“ಹೌದು.”

“ಊದಿದೆ ಅಂತ ಒಂದು ತಲೆ ಆಡಿಸ್ಲಿಕ್ಕೆ ಎಂತ ಆಗ್ತಿತ್ತು?”

ನಾನು ತೊಡೆಯ ಮೇಲಿನ ಖಾಲಿ ವಸ್ತ್ರವನ್ನು ಮಡಚಿದೆ.

ಅಲ್ಲಿಂದ ದಶಮಿಯ ತನಕ ಫೋನ್ ಬಂದಾಗಲೆಲ್ಲ ಮನೆ ಸ್ತಬ್ಧವಾಗುತ್ತಿತ್ತು. ಗ್ಲೆಂಡೇಲಿನವರು ಸಹಿ ಬಂತೇ ಎಂದು ಕೇಳುತ್ತಿದ್ದರು. ನಿಶ್ಮಿತಾ ಬರುತ್ತದೆ ಎನ್ನುತ್ತಿದ್ದಳು. ಆ ಅಧ್ಯಾಯಕ್ಕೆ ಬೇರೆ ಚಿತ್ರಗಳು ಸಿಗುತ್ತವೆಯೇ ಎಂದು ಕಂಪ್ಯೂಟರಿನಲ್ಲಿ ಹುಡುಕುತ್ತಾ ಕೂತಿರುತ್ತಿದ್ದಳು. ನನಗೆ ಕಾಫಿ ತಂದಿಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ನಾನು ಪೀಠದ ಮುಂದೆ ಕೂತು ಬಾಯಿಪಾಠವಿದ್ದ ಸ್ತೋತ್ರ ಹೇಳುತ್ತಿದ್ದೆ. ಸಾಲುಗಳು ತಪ್ಪುತ್ತಿದ್ದವು. ಖಾಲಿ ಜಾಗದ ಅಕ್ಷತೆಯ ಮೇಲೆಯೇ ಕಣ್ಣು ಹೋಗುತ್ತಿತ್ತು. ದೇವಿಗೆ ಅಪಚಾರವಾಯಿತೇ ಎಂದು ಒಂದು ಗಳಿಗೆ, ಮಗಳ ಬಾಳಿಗೆ ಕಲ್ಲು ಹಾಕಿದೆನೇ ಎಂದು ಇನ್ನೊಂದು ಗಳಿಗೆ. ಎರಡರಲ್ಲಿ ಯಾವುದಕ್ಕೆ ಮೊದಲು ಕ್ಷಮೆ ಕೇಳಬೇಕೆಂದು ತಿಳಿಯುತ್ತಿರಲಿಲ್ಲ.

ದಶಮಿಯ ಬೆಳಿಗ್ಗೆ ಭಾಗವತ ಇಳಿಸಿ ಒಂದು ಪುಟ ಓದಿದೆ. ಪ್ರತೀಕ್ ನನ್ನ ಒತ್ತಾಯಕ್ಕೆ ಮ್ಯಾನ್ಯುಯಲ್ಲಿನಿಂದ ಯಾವುದೋ ಮೊಳೆಯ ವಿಷಯವನ್ನು ಭಕ್ತಿಯಿಂದ ಓದಿ, “ಆಯ್ತಾ ಮಾವ? ಇನ್ನು ನನ್ನ ಪ್ರಮೋಷನ್ ಶಾರದೆ ಕೈಲಿದೆ,” ಎಂದ. ಆಗಲೇ ನಿಶ್ಮಿತಾಳ ಫೋನ್ ರಿಂಗಾಯಿತು. ಅವಳು ಹೆಸರು ನೋಡಿ, ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು.

ಅಮಡೋರ್ ಸುತ್ತಿ ಬಳಸಿ ಮಾತಾಡುವವರಲ್ಲ. “ಉಳಿದ ಚಿತ್ರಗಳನ್ನೆಲ್ಲ ತೆಗೆದುಕೊಳ್ಳಿ. ಕಾಗದ ಕಳಿಸಿ, ಸಹಿ ಹಾಕುತ್ತೇನೆ. ಆದರೆ ಈ ಮುಖಪುಟ ಬೇಡ. ನಿಮ್ಮ ಹತ್ತಿರ ಇರುವ ಫೋಟೋದಲ್ಲಿ ಇರುವವಳು ಈಗ ಇಲ್ಲ. ಈಗಿರುವವಳನ್ನು ಊರಿಗೆಲ್ಲ ತೋರಿಸಲು ನನಗೆ ಇಷ್ಟವಿಲ್ಲ.”

ಆ ಚಿತ್ರ ಅಧ್ಯಾಯದ ಮೊದಲ ಪುಟಕ್ಕೆಂದು ಇಟ್ಟಿದ್ದದ್ದು. ನಿಶ್ಮಿತಾ ತುಟಿ ಕಚ್ಚಿಕೊಂಡಳು. ಆಮೇಲೆ, “ಹಾಗೆಯೇ ಆಗಲಿ, ಥ್ಯಾಂಕ್ಯೂ,” ಎಂದಳು. ಕುರ್ಚಿಯಲ್ಲಿ ಕುಳಿತುಬಿಟ್ಟಳು. ಫೋನ್ ಕಟ್ ಮಾಡಲು ಕೈ ಚಾಚಿದಾಗ ನಾನು ತಡೆದೆ.

“ಬೇಡ ಅಪ್ಪಾ,” ಎಂದಳು ಕನ್ನಡದಲ್ಲಿ, ಮೆಲ್ಲಗೆ. “ಒಪ್ಪಿದ್ದಾರಲ್ಲ. ಇನ್ನು ಎಂತದೂ ಕೇಳ್ಬೇಡಿ.”

ಆದರೂ ಕೇಳಿದೆ. ಇವತ್ತು ಆ ಪೂಜೆ ಮುಗಿಯುವ ದಿನ, ಇಟ್ಟ ಪುಸ್ತಕವನ್ನು ತೆರೆದು ನಾಲ್ಕು ಸಾಲು ಓದಬೇಕು, ಪುಸ್ತಕ ನಿಮ್ಮಲ್ಲಿದೆ, ನೀವು ಓದಬೇಕು ಎಂದೆ.

ನಿಶ್ಮಿತಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಇದನ್ನು ತೆರೆದು ಎಷ್ಟೋ ವರ್ಷವಾಯಿತು,” ಎಂದರು ಅವರು. “ತೆರೆದರೆ ಪುಟ ಮುರಿಯಬಹುದು.”

“ಮುರಿಯುವ ಹಾಗಿದ್ದರೆ ಬೇಡ,” ಎಂದೆ.

ಆ ಕಡೆಯಿಂದ ಪ್ಲಾಸ್ಟಿಕ್ಕಿನ ಚೀಲ ಸರಿದ ಸದ್ದು ಕೇಳಿಸಿತು. ಕುರ್ಚಿ ಎಳೆದ ಸದ್ದು, ಒಂದು ಕೆಮ್ಮು. ಯಾವ ಪುಟ ಎಂದು ಕೇಳಿದರು. ಯಾವುದಾದರೂ ಆದೀತು ಎಂದೆ. ಮುದುಕರು ನಿಧಾನವಾಗಿ, ಶಾಲೆಯ ಹುಡುಗನಂತೆ ಒಂದೊಂದೇ ಪದ ಬಿಡಿಸಿ ಓದತೊಡಗಿದರು. ದೂರದ ಗ್ರಹಕ್ಕೆ ಹೋದ ಒಂದು ನೌಕೆಯಿಂದ ಬಹಳ ದಿನಗಳಿಂದ ಸುದ್ದಿಯಿಲ್ಲ. ಕೆಳಗಿನವರು ಯಂತ್ರದ ಮುಂದೆ ಕುಳಿತು ಕಿವಿಗೊಟ್ಟು ಕಾಯುತ್ತಿದ್ದಾರೆ. ನನಗೆ ಅಷ್ಟು ಅರ್ಥವಾಯಿತು.

ನಾಲ್ಕು ಸಾಲಿಗೆ ಅವರು ನಿಲ್ಲಿಸಲಿಲ್ಲ. ನಿಶ್ಮಿತಾ ಎದ್ದು ಬಂದು ನನ್ನ ಪಕ್ಕದಲ್ಲಿ ಕುಳಿತಳು. ನಾನು ಪೂಜೆ ಮುಗಿಯಿತೆಂದು ಖಾಲಿ ಜಾಗದ ಅಕ್ಷತೆಯನ್ನು ಸ್ವಲ್ಪವೇ ಕದಲಿಸಿ ಕೈಮುಗಿದೆ.