ತಣ್ಣಗಾಗಲಿ

‘ನಿಮ್ಮ ಮನೆ ತಣ್ಣಗಾಗಲಿ’ ಎಂದು ಬಾಸ್ ಜಾಹೀರಾತಿನ ಸಾಲನ್ನು ಮತ್ತೊಮ್ಮೆ ಓದಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಕೆಮ್ಮಿ ಮರೆಸಿದಳು.

"ಹೇಗಿದೆ?"

"ಸಖತ್ತಾಗಿದೆ ಸಾರ್," ಎಂದ ಅದನ್ನು ಬರೆದವನೇ.

ತಗಡಿನ ಮಾಡಿಗೆ ಬಳಿದರೆ ಮನೆಯೊಳಗೆ ಬಿಸಿಲು ಇಳಿಯದಂಥ ಬಣ್ಣ. ಕಂಪನಿಗೆ ಅದನ್ನು ಮೊದಲು ತಗಡಿನ ಮನೆಗಳ ಓಣಿಯಲ್ಲೇ ಮಾರಬೇಕಿತ್ತು. ಓಣಿಯವರ ಮನಸ್ಸು ಗೆದ್ದುಕೊಡುವುದು ಈ ಸಾರ್ವಜನಿಕ ಸಂಪರ್ಕ ಸಂಸ್ಥೆಯ ಕೆಲಸ. ಆ ಓಣಿಯಲ್ಲಿ ಹುಟ್ಟಿ ಬೆಳೆದವಳು ಇಲ್ಲಿ ಅವಳೊಬ್ಬಳೇ.

ಓಣಿಯಲ್ಲಿ ‘ತಣ್ಣಗಿರು’ ಎಂದರೆ ಹಾರೈಕೆ. ‘ನಿನ್ನ ಮನೆ ತಣ್ಣಗಾಗಲಿ’ ಎಂದರೆ ಶಾಪ. ಒಲೆ ಹಚ್ಚುವವರೂ ಉಳಿಯದಿರಲಿ ಎಂದು. ನಲ್ಲಿಯ ಜಗಳ ಕೈಮೀರಿದಾಗ ಮಾತ್ರ ಹೆಂಗಸರು ಮಣ್ಣು ತೂರಿ ಆಡುವ ಮಾತು. ಇಷ್ಟನ್ನು ಹೇಳಿದ್ದರೆ ಸಾಕಿತ್ತು.

ಹೇಳಲಿಲ್ಲ. ಹೋದ ವರ್ಷ ಸಾಬೂನಿನ ಜಾಹೀರಾತಿನಲ್ಲಿ ಇಂಥದ್ದೇ ತಪ್ಪು ತೋರಿಸಿದ್ದಳು. "ಓಣಿ ಭಾಷೇನ ಓಣೀಲೇ ಬಿಟ್ಟು ಬಾಮ್ಮಾ," ಎಂದಿದ್ದರು ಬಾಸ್. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದಿನಿಂದ ಅವಳು ‘ತಗಡು’. ಗೋಡೆಯ ಮೇಲೆ ‘ವೈವಿಧ್ಯವೇ ನಮ್ಮ ಬಲ’ ಎಂಬ ಫಲಕ. ಹೊರಗಿನವರು ಬಂದಾಗ ಅವಳಿಗೆ ಮುಂದಿನ ಕುರ್ಚಿ. ಅವರು ಹೋದ ಮೇಲೆ ಪ್ರಿಂಟರಿನ ಪಕ್ಕದ ಮೂಲೆ.

ಇವತ್ತು ಬಣ್ಣದ ಕಂಪನಿಯವನು ಬಂದಿದ್ದ. ಮುಂದಿನ ಕುರ್ಚಿ.

"ಇವಳು ಅಲ್ಲಿಯವಳೇ," ಬಾಸ್ ಹೊಸ ಯಂತ್ರ ತೋರಿಸುವಂತೆ ಅವಳನ್ನು ತೋರಿಸಿದರು. "ನಮ್ಮಲ್ಲಿ ಎಲ್ಲಾ ತರದವರೂ ಇದಾರೆ. ಏನಮ್ಮಾ, ನಿಮ್ಮೋರಿಗೆ ಈ ಮಾತು ತಟ್ಟತ್ತಾ?"

"ತಟ್ಟತ್ತೆ ಸಾರ್. ಚೆನ್ನಾಗೇ ತಟ್ಟತ್ತೆ."

"ಏನಾದ್ರೂ ಬದಲಾಯಿಸೋದು?"

"ಒಂದಕ್ಷರಾನೂ ಬೇಡ."

ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಓಣೀಲಿ ನಿಲ್ಲಿಸೋ ಬೋರ್ಡಿಗೆ ಮುಖ ಯಾರದು?" ಕಂಪನಿಯವನು ಕೇಳಿದ.

"ಅಲ್ಲಿನದೇ ಸಿಕ್ಕಿದೆ," ಫೋಟೋಗ್ರಾಫರ್ ಅವಳತ್ತ ನೋಡಿ ನಕ್ಕ. "ಸಂಜೆ ಬೋರ್ಡ್ ಏರತ್ತಲ್ಲ, ಆಗ ನೋಡಿ."

ಯಾರದಾದರೆ ಅವಳಿಗೇನು? ಮಧ್ಯಾಹ್ನವೆಲ್ಲ ಮೂಲೆಯಲ್ಲಿ ಕೂತು ನಾಳೆಯದನ್ನೇ ಸವಿದಳು. ಬಾಸ್ ಓಣಿಗೆ ಹೋಗುತ್ತಾರೆ. ಹೆಂಗಸರು ಪೊರಕೆ ಹಿಡಿದು ಬರುತ್ತಾರೆ. ಕಂಪನಿಯವನು ಕೈಕೊಡುತ್ತಾನೆ. ಆಮೇಲೆ ಬಾಸ್ ಮುಖ ಕಪ್ಪಿಟ್ಟು ಅವಳ ಮುಂದೆ ನಿಲ್ಲುತ್ತಾರೆ: ನೀನ್ಯಾಕೆ ಹೇಳಲಿಲ್ಲ? ಆಗ ಅವಳು: ಓಣಿ ಭಾಷೇನ ಓಣೀಲೇ ಬಿಟ್ಟು ಬಂದಿದ್ದೆ ಸಾರ್. ಆ ಉತ್ತರವನ್ನು ಬಾಯೊಳಗೇ ಹೇಳಿ ಹೇಳಿ ಹದಮಾಡಿಕೊಂಡಳು.

ಸಂಜೆ, ಎಷ್ಟೋ ತಿಂಗಳ ಮೇಲೆ, ಓಣಿಗೆ ಹೋದಳು. ಅಮ್ಮನನ್ನು ನೋಡಲಿಕ್ಕಲ್ಲ, ಬೋರ್ಡು ನೋಡಲಿಕ್ಕೆ.

ನಲ್ಲಿಯ ಹತ್ತಿರ ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸಿದರು. ಒಬ್ಬಳು ಮಗುವನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಬೋರ್ಡು ನಿಂತದ್ದು ಅಮ್ಮನ ಮಾಡಿನ ಮೇಲೆ. ಅದರ ತುಂಬ ಅಮ್ಮನದೇ ಬೊಚ್ಚುಬಾಯಿ ನಗು. ಕೆಳಗೆ ಕೆಂಪಕ್ಷರದಲ್ಲಿ ಆ ಸಾಲು.

"ಬಂದ್ಯಾ?" ಅಮ್ಮ ಹೊಸಿಲ ಮೇಲೆ ನಿಂತಿದ್ದಳು. "ನಿಮ್ಮಾಫೀಸಿನೋರೇ ಕಣೇ. ನಿನ್ನ ಹೆಸರು ಹೇಳಿದ್ರು, ಬೇಡ ಅನ್ನಕ್ಕಾಗತ್ತಾ? ನಿನಗೆ ಮೊದ್ಲೇ ಹೇಳಬಾರ್ದು ಅಂದ್ರು."

"ಅಮ್ಮಾ, ಒಳಗೆ ನಡಿ."

"ಇರು. ಬೋರ್ಡ್ ಏರಿದಾಗಿಂದ ಒಬ್ರೂ ಮಾತಾಡಿಸ್ತಿಲ್ಲ. ಹೊಟ್ಟೆಕಿಚ್ಚು, ಇನ್ನೇನು? ನನಗೆ ಓದಕ್ಕೆಲ್ಲಿ ಬರತ್ತೆ! ಏನು ಬರ್ದಿದೆ, ನೀನೇ ಓದು." ಅಮ್ಮ ನಲ್ಲಿಯತ್ತ ಗದ್ದ ಎತ್ತಿದಳು. "ಜೋರಾಗಿ ಓದು. ಅವ್ರಿಗೂ ಕೇಳಲಿ."

ಅವಳು ಬಾಯಿ ತೆರೆದಳು. ಹದಮಾಡಿಟ್ಟುಕೊಂಡಿದ್ದ ಉತ್ತರ ಒಂದೇ ಅಲ್ಲಿದ್ದದ್ದು.

ಅಮ್ಮನ ಹೆಗಲ ಮೇಲಿಂದ ಒಳಗೆ ನೋಡಿದಳು. ಬೋರ್ಡಿನ ಗಡಿಬಿಡಿಯಲ್ಲಿ ಅಮ್ಮ ಇವತ್ತು ಒಲೆ ಹಚ್ಚಿರಲಿಲ್ಲ.