ಎರಡನೆಯ ಗಾಡಿ

ಹಜಾರದ ಮೇಜಿನ ಮೇಲಿದ್ದ ಬಂದರಿನ ಮಾದರಿಯನ್ನು ನಾಲ್ವರು ವಿದ್ಯಾರ್ಥಿಗಳು ಎತ್ತಿ ಹೊರಗೆ ಸಾಗಿಸುತ್ತಿದ್ದರು. ಪ್ಲೈವುಡ್ಡಿನ ಧಕ್ಕೆ, ಬೆಂಕಿಪೊಟ್ಟಣದ ವ್ಯಾಗನ್ನುಗಳು, ದಾರ ಕಟ್ಟಿದ ಕ್ರೇನು. ಅದು ತೆರವಾದ ಜಾಗದಲ್ಲಿ ಅವರ ಮೇಷ್ಟ್ರು ಶ್ರೀಕಂಠಯ್ಯನವರನ್ನು ಮಲಗಿಸಬೇಕಿತ್ತು. ಬೆಳಗಿನ ಜಾವ, ನಿದ್ದೆಯಲ್ಲೇ ಅವರ ಉಸಿರು ನಿಂತಿತ್ತು.

ಹೆಂಡತಿ ಗಿರಿಜಾ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಒಬ್ಬಳೇ ಮಗಳು ಪದ್ಮಾ ವಿಜಯವಾಡದ ಗವರ್ನರ್‌ಪೇಟೆಯ ಬ್ಯಾಂಕಿನಲ್ಲಿದ್ದಳು. ತಾನು ಮುಖ ನೋಡುವವರೆಗೂ ಅಪ್ಪನನ್ನು ಎತ್ತಬೇಡಿ ಎಂದು ಫೋನಿನಲ್ಲಿ ಅತ್ತು, ಬೆಳಗಿನ ರೈಲು ಹತ್ತಿದ್ದಳು. ಒಂದೂವರೆಗೆ ಪಕ್ಕದ ಮನೆಗೆ ಸುದ್ದಿ ಬಂತು: ರೈಲು ಇನ್ನೂ ಒಂದು ಗಂಟೆ ದೂರದ ಅನಕಾಪಲ್ಲಿಯಲ್ಲಿ ನಿಂತಿದೆ, ಯಾವಾಗ ಹೊರಡುತ್ತದೋ ಗೊತ್ತಿಲ್ಲ.

ಗಿರಿಜಾಳ ತಮ್ಮ ಕಾಮೇಶ್ವರ ತನ್ನ ಜೀಪನ್ನು ಅಲ್ಲಿಗೆ ಕಳಿಸಿದ. "ನಾಲ್ಕು ಗಂಟೆಗೆ ಎತ್ತಲೇಬೇಕು ಅಕ್ಕಯ್ಯ. ಕತ್ತಲಾಗಬಾರದು," ಎಂದ.

ಬಾಗಿಲಲ್ಲಿ ನಿಂತಿದ್ದ ಹಳೆಯ ವಿದ್ಯಾರ್ಥಿ ದುರ್ಗಾಪ್ರಸಾದ್ ತೆಲುಗಿನಲ್ಲಿ ಮೆಲ್ಲಗೆ ಕೇಳಿದ: ಜೀಪು ತಲುಪುವಷ್ಟರಲ್ಲಿ ರೈಲು ಹೊರಟುಬಿಟ್ಟರೆ?

ಗಿರಿಜಾ ಬೆಚ್ಚಿ ಅವನತ್ತ ನೋಡಿದಳು.

*

ಆರು ವರ್ಷದ ಹಿಂದೆ ಇದೇ ಮೇಜಿನ ಮುಂದೆ ಆ ಹುಡುಗ ನಿಂತಿದ್ದ. ಸರಕು ಸಾಗಣೆಯ ಪಾಠವನ್ನು ಶ್ರೀಕಂಠಯ್ಯ ಪುಸ್ತಕದಿಂದ ಹೇಳಿದವರಲ್ಲ. ಹಡಗಿನಿಂದ ಗೋದಾಮಿನವರೆಗೆ ಎಲ್ಲವನ್ನೂ ಹುಡುಗರ ಕೈಯಲ್ಲೇ ಕಟ್ಟಿಸುತ್ತಿದ್ದರು. ಯೂನಿವರ್ಸಿಟಿಯಲ್ಲಿ ಅದನ್ನು ಬೊಂಬೆ ಕ್ಲಾಸು ಎಂದು ನಗುವವರಿದ್ದರು. ಎಲ್ಲ ಸರಿಯಾಗಿ ಓಡತೊಡಗಿದಾಗ ಒಂದು ವ್ಯಾಗನ್ನನ್ನು ಎತ್ತಿ ಜೇಬಿಗೆ ಹಾಕಿಕೊಂಡು, "ಇದು ಬರಲಿಲ್ಲ. ಈಗೇನ್ ಮಾಡ್ತೀಯ?" ಎನ್ನುತ್ತಿದ್ದರು. ದುರ್ಗಾಪ್ರಸಾದನಿಗೆ ಅಂದು ಉತ್ತರ ಹೊಳೆಯಲಿಲ್ಲ. ಮೇಷ್ಟ್ರು ಬೈಯದೆ, ಹೇಳಿಯೂ ಕೊಡದೆ, ಎರಡು ಗಂಟೆ ಅವನ ಜೊತೆ ಕಾದು ಕುಳಿತರು. ಗಿರಿಜಾ ಮೂರು ಸಲ ಸಾರು ಬಿಸಿ ಮಾಡಿದ್ದಳು.

*

ಈಗ ಅವನು ದುವ್ವಾಡದ ಒಂದು ಸಾಗಣೆ ಕಂಪನಿಯಲ್ಲಿದ್ದ. ರೈಲು ಮುಂದೆ ನಿಲ್ಲುವ ದುವ್ವಾಡ ಸ್ಟೇಷನ್ನಿನಲ್ಲೂ ಇನ್ನೊಂದು ಗಾಡಿ ಇರಬೇಕು ಎಂದ. ಆದರೆ ಉಳಿದಿದ್ದುದು ಒಂದೇ ಗಾಡಿ, ಮಸಣಕ್ಕೆ ಒಯ್ಯಲು ತರಿಸಿದ್ದ ವ್ಯಾನು.

"ಅದೂ ಹೋಗಿ ಸಿಕ್ಕಿಹಾಕಿಕೊಂಡ್ರೆ ಭಾವನ್ನ ಹೇಗೆ ಒಯ್ಯೋದು?" ಎಂದ ಕಾಮೇಶ್ವರ.

ಗಿರಿಜಾ ಗಂಡನ ಮುಖ ನೋಡಿದಳು. ಸೆರಗು ಬಿಗಿಮಾಡಿಕೊಂಡಳು.

"ಇಷ್ಟು ವರ್ಷ ನಾನು ಕಾದಿದ್ದೀನಿ. ಇವತ್ತು ಅವರು ಕಾಯಲಿ," ಎಂದು ದುರ್ಗಾಪ್ರಸಾದನ ಕಡೆ ತಿರುಗಿ, ಹೋಗಿಬಾ ಎಂದು ಕೈಸನ್ನೆ ಮಾಡಿದಳು.

ನಾಲ್ಕಾಯಿತು. ಪುರೋಹಿತರು ಎರಡು ಸಲ ಎದ್ದು ಮತ್ತೆ ಕುಳಿತರು. ನಾಲ್ಕೂಕಾಲಿಗೆ ಜೀಪು ಖಾಲಿ ಬಂತು. ಅದು ಹೋಗುವಷ್ಟರಲ್ಲಿ ರೈಲು ಹೊರಟುಬಿಟ್ಟಿತ್ತು. ಕಾಮೇಶ್ವರ ವ್ಯಾನು ಬರಬೇಕಾದ ಪೆಂಡುರ್ತಿ ರಸ್ತೆಯ ತಿರುವಿಗೆ ಹೋಗಿ ನಿಂತ. ತಾನು ಮಾಡಿದ್ದು ತಪ್ಪಾಯಿತೇ ಎಂದು ಗಿರಿಜಾ ಮತ್ತೆ ಗಡಿಯಾರ ನೋಡಿದಳು.

ಐದಕ್ಕೆ ಹತ್ತು ನಿಮಿಷವಿರುವಾಗ ವ್ಯಾನು ಬಂತು.

ದುವ್ವಾಡದ ಸಿಗ್ನಲ್ಲಿನ ಆಚೆಯೇ ರೈಲು ಮತ್ತೆ ನಿಂತಿತ್ತಂತೆ. ದುರ್ಗಾಪ್ರಸಾದ್ ಹಳಿಯ ಪಕ್ಕದಲ್ಲಿ ಒಂದೊಂದೇ ಬೋಗಿಯ ಕೆಳಗೆ ನಿಂತು ಹೆಸರು ಹಿಡಿದು ಕೂಗಿದ್ದ. ಪದ್ಮಾ ಜಲ್ಲಿಯ ಮೇಲೆ ಹಾರಿದ್ದಳು. ವ್ಯಾನಿನಿಂದ ಇಳಿದವಳ ಬಲಗಾಲಲ್ಲಿ ಚಪ್ಪಲಿ ಇರಲಿಲ್ಲ.

ಗಿರಿಜಾ ಬಚ್ಚಲಿಂದ ಚೊಂಬು ತಂದಳು. ಎಲ್ಲರೂ ನೋಡುತ್ತಿದ್ದಂತೆ ಹೊಸಿಲ ಹೊರಗೆ ಕುಕ್ಕರಗಾಲಲ್ಲಿ ಕೂತು, ಮಗಳ ಪಾದವನ್ನು ಕೈಯಲ್ಲಿ ಹಿಡಿದು ನೀರು ಹೊಯ್ದಳು. ಪದ್ಮಾ ತಾಯಿಯ ಹೆಗಲನ್ನು ಆತುಕೊಂಡು ಒಳಗೆ, ಅಪ್ಪನ ಕಡೆ ನೋಡುತ್ತಿದ್ದಳು. ನೀರು ಮೊದಲು ಕಪ್ಪಗೆ, ಆಮೇಲೆ ತುಸು ಕೆಂಪಗೆ ಅಂಗಳಕ್ಕೆ ಹರಿಯಿತು.